ನಾಲ್ಕನೆಯ ಗೆರೆ

ಬಚ್ಚಲಿನ ಕನ್ನಡಿಗೆ ಹಬೆ ಕವಿದಿತ್ತು. ಕ್ಷೌರಕ್ಕೆಂದು ಅದನ್ನು ಒರೆಸಲು ಹೋದವನು ಏನನ್ನಿಸಿತೋ, ತೋರುಬೆರಳಿನಿಂದ ಅದರ ಮೇಲೆ ಜಪಾನಿ ಅಕ್ಷರವೊಂದನ್ನು ಬರೆಯತೊಡಗಿದ. ಎಡಕ್ಕೊಂದು ಇಳಿಗೆರೆ, ನೆತ್ತಿಗೊಂದು ಅಡ್ಡಗೆರೆ, ಒಳಗೊಂದು ಚಿಕ್ಕ ಅಡ್ಡಗೆರೆ, ಅದರ ಕೆಳಗೆ ಪುಟ್ಟ ಚೌಕದ ಎಡಗೋಡೆ. ನಾಲ್ಕು ಗೆರೆಗಳಾದವು. ಬೆರಳು ನಿಂತಿತು. ಬರೀ ಬೆರಳು ನಿಂತಿದ್ದರೆ ಚಿಂತೆಯಿರಲಿಲ್ಲ. ಅವನ ಕಣ್ಣು ತಾನಾಗಿಯೇ ಕನ್ನಡಿಯ ಮೇಲಂಚಿಗೆ ಹೋಗಿ, ಫೋನಿನ ಆ್ಯಪ್ಪಿನಲ್ಲಿ ನಾಲ್ಕು ಗೆರೆ ಗೀಚುವಷ್ಟರಲ್ಲಿ ಸಾಲಾಗಿ ಮೂಡುವ ಆರು ಅಕ್ಷರಗಳಿಗಾಗಿ, ನಿಮಗೆ ಬೇಕಾದದ್ದು ನಾನೇ ತಾನೆ ಸ್ವಾಮಿ ಎಂದು ಕೈಕಟ್ಟಿ ನಿಲ್ಲುವ ಆ ಆರು ಅಕ್ಷರಗಳಿಗಾಗಿ, ಕಾಯತೊಡಗಿತು. ಕನ್ನಡಿಯಲ್ಲಿ ಮೂಡಿದ್ದು ನೊರೆ ಮೆತ್ತಿಕೊಂಡ ಅವನ ಅರ್ಧ ಮುಖ ಮಾತ್ರ. ಐದನೆಯ ಗೆರೆ ಯಾವುದು? ಅವನು ಒರೆಸಿದ, ಬಾಯಿಂದ ಉಸಿರೂದಿ ಮತ್ತೆ ಹಬೆ ಕಟ್ಟಿಸಿದ, ಮತ್ತೆ ಬರೆದ. ನಾಲ್ಕು. ಮತ್ತೆ ಬರೆದ. ನಾಲ್ಕು. ಇನ್ನೊಂದು ಅಕ್ಷರ, ಮಗುದೊಂದು. ನದಿ, ಕಬ್ಬಿಣ, ಕಾರ್ಖಾನೆಯ ಪತ್ರಗಳಲ್ಲಿ ದಿನಕ್ಕೆ ಇಪ್ಪತ್ತು ಸಲ ಬರುವ ‘ಒತ್ತಡ’. ಸಣ್ಣ ಅಕ್ಷರಗಳು ಹೇಗೋ ಮುಗಿದವು. ದೊಡ್ಡವೆಲ್ಲ ನಾಲ್ಕನೆಯ ಗೆರೆಗೋ ಐದನೆಯದಕ್ಕೋ ಬಂದು, ಸೇತುವೆ ಮುರಿದಿದೆ ಎಂದು ಗೊತ್ತಾದ ಬಸ್ಸಿನಂತೆ ನಿಂತವು. ಎರಡು ಸಾವಿರದ ನೂರು ಅಕ್ಷರಗಳನ್ನು ಬಲ್ಲವನೆಂದು ಆ್ಯಪ್ಪೇ ಪ್ರಮಾಣಪತ್ರ ಕೊಟ್ಟಿದ್ದ, ಕಾರ್ಖಾನೆಯ ಎಂಬತ್ತು ಜನರೂ ‘ಜಪಾನ್ ಸಾರ್’ ಎಂದೇ ಕರೆಯುತ್ತಿದ್ದ ತನಗೆ ಅವುಗಳ ತಲೆ ಮಾತ್ರ ಗೊತ್ತು, ಮುಂಡ ಗೊತ್ತಿಲ್ಲ ಎಂಬುದು ಹೀಗೆ, ಕೈಯಲ್ಲಿ ರೇಜರ್ ಹಿಡಿದುಕೊಂಡು ಬರಿಮೈಯಲ್ಲಿ ನಿಂತಿರುವಾಗ, ಅದೂ ಇವತ್ತೇ ತಿಳಿಯಬೇಕಿತ್ತೇ?

“ರೀ, ಒಳಗೇನು ಪಾರಾಯಣ ನಡೀತಿದ್ಯಾ? ನೀರು ಆರಿ ತಣ್ಣಗಾಯ್ತು,” ಹೊರಗಿನಿಂದ ಹೆಂಡತಿ ಬಾಗಿಲು ಬಡಿದಳು.

ತಿಂಡಿಯ ತಟ್ಟೆಯ ಮುಂದೆ ಕೂತಾಗ, ಹೇಳಬಾರದೆಂದುಕೊಂಡಿದ್ದರೂ ಹೇಳಿಬಿಟ್ಟ. ಹನ್ನೊಂದು ಗಂಟೆಗೆ ಸಭೆ. ನಲವತ್ತು ವರ್ಷದ ಹಿಂದೆ ಕಾರ್ಖಾನೆಗೆ ಮೊದಲ ಯಂತ್ರ ಕೂರಿಸಿಕೊಟ್ಟ ಜಪಾನಿನ ಹಿರಿಯ ಎಂಜಿನಿಯರ್ ಕೊನೆಯ ಸಲ ಬಂದಿದ್ದಾರೆ. ಅವರ ಎದುರಿಗೆ, ಎಲ್ಲರ ಎದುರಿಗೆ, ದೊಡ್ಡ ಹಾಳೆಯ ಮೇಲೆ ತಾನು ‘ಕೃತಜ್ಞತೆ’ ಎಂದು ಅವರ ಲಿಪಿಯಲ್ಲಿ ಬರೆಯಬೇಕು. ಬರೆದಾದ ಮೇಲೆ ಮ್ಯಾನೇಜರು ಅಲ್ಲೇ ತನ್ನ ಕಾಯಂ ಆದೇಶಕ್ಕೆ ಸಹಿ ಹಾಕುತ್ತಾರಂತೆ. ಮೂರು ವರ್ಷದಿಂದ ಆರಾರು ತಿಂಗಳಿಗೆ ನವೀಕರಿಸಿಕೊಂಡು ಬಂದ ಹಂಗಾಮಿ ಕೆಲಸ.

“ಎಷ್ಟು ಅಕ್ಷರ?”

“ಎರಡು.”

“ಎರಡೇನಾ! ಅದಕ್ಕೆ ಇಷ್ಟು ಬೆವರಾ? ಒಂದು ಹಾಳೆ ತಗೊಂಡು ಐವತ್ತು ಸಲ ತಿದ್ದಿ. ನಮ್ ಶಾಲೇಲಿ ಒಂದನೇ ಕ್ಲಾಸಿನೋರು ಹಾಗೇ ಕಲಿಯೋದು.” ಅವಳು ಶಾಲೆಯೊಂದರಲ್ಲಿ ಗುಮಾಸ್ತೆ, ಜಗತ್ತಿನ ಎಲ್ಲ ಕಷ್ಟಗಳಿಗೂ ಅವಳ ಬಳಿ ಒಂದನೇ ಕ್ಲಾಸಿನ ಉತ್ತರವಿರುತ್ತಿತ್ತು.

“ತಿದ್ದೋದಾ? ನಾನಾ?”

“ಯಾಕೆ, ಕೈ ಸವೆದುಹೋಗುತ್ತಾ? ಅಪ್ಪ ಹೋದ ದಿನ ಗೇಟಿನ ಹಿಂದೆ ನಿಂತ್ಕೊಂಡು ತಿದ್ತಾ ಇದ್ರಲ್ಲ, ಆವಾಗ ನಾಚಿಕೆ ಆಗ್ಲಿಲ್ವಾ?”

ಅವಳು ದನಿಯೇರಿಸದೆ ಹೇಳಿದಳು. ಉಪ್ಪು ಸ್ವಲ್ಪ ಕಡಿಮೆಯಾಗಿದೆ ಎನ್ನುವಷ್ಟೇ ಸಹಜವಾಗಿ. ತಟ್ಟೆಯಲ್ಲಿ ಉಳಿದದ್ದನ್ನು ನುಂಗಿ ಎದ್ದು, ಬ್ಯಾಗು ಹೆಗಲಿಗೇರಿಸಿ ಬಸ್ಸು ಹತ್ತಿದಾಗಲೂ ಅವನು ಆ ಗೇಟಿನ ಹಿಂದೆಯೇ ಇದ್ದ. ಅದು ಇನ್ನೂರ ಮೂವತ್ತನೆಯ ದಿನ. ಆ್ಯಪ್ಪಿನಲ್ಲಿ ಒಂದು ಹಸಿರು ಕಪ್ಪೆಯಿದೆ. ದಿನಕ್ಕೆ ಇಪ್ಪತ್ತು ಅಕ್ಷರ ಮುಗಿಸದಿದ್ದರೆ ಅದು ಅಳುತ್ತದೆ, ಸರಪಳಿ ತುಂಡಾಗುತ್ತದೆ, ಎಣಿಕೆ ಒಂದರಿಂದ ಮೊದಲಾಗುತ್ತದೆ. ಮಾವನ ದೇಹ ಒಳಗೆ ಮಲಗಿತ್ತು, ನೆಂಟರು ಬರುತ್ತಿದ್ದರು, ಅವನು ಗೇಟಿನ ಹಿಂದಿನ ಬಳ್ಳಿಯ ಮರೆಯಲ್ಲಿ ನಿಂತು ಹದಿನೆಂಟನೆಯ ಅಕ್ಷರದಲ್ಲಿದ್ದ. ಹುಡುಕಿಕೊಂಡು ಬಂದ ಹೆಂಡತಿಯ ತಮ್ಮ, ತೆರೆಯನ್ನು ದಿಟ್ಟಿಸಿ ದಿಟ್ಟಿಸಿ ನೀರೂರಿದ್ದ ಅವನ ಕಣ್ಣು ನೋಡಿ, “ಭಾವ, ಸಮಾಧಾನ ಮಾಡ್ಕೊಳ್ಳಿ, ನೀವೇ ಹೀಗಾದ್ರೆ ಅಕ್ಕನ್ನ ಯಾರು ನೋಡ್ಕೋಬೇಕು” ಎಂದು ತಬ್ಬಿಕೊಂಡ. ಇಬ್ಬರ ಎದೆಗಳ ನಡುವೆ, ಅಂಗಿಯ ಜೇಬಿನಲ್ಲಿ, ಕಪ್ಪೆ ‘ವಟರ್’ ಎಂದು ಶಭಾಷ್‌ಗಿರಿ ಕೊಟ್ಟಿತು. ಫೋನು ಜೇಬಿಗಿಳಿಸುವ ಮೊದಲೇ ಬೆರಳು ತಾನಾಗಿಯೇ ಉಳಿದೆರಡನ್ನೂ ಒತ್ತಿತ್ತು. ಬಾಗಿಲಲ್ಲಿ ನಿಂತಿದ್ದ ಹೆಂಡತಿ ಅದನ್ನು ಕೇಳಿದಳು. ಅಂದು ಏನೂ ಅನ್ನಲಿಲ್ಲ. ಎರಡು ವರ್ಷ ಇಟ್ಟುಕೊಂಡು ಇವತ್ತು ಅಂದಳು. ಬಸ್ಸಿನ ಕಂಬಿ ಹಿಡಿದು ತೂಗಾಡುತ್ತ ಅವನು ಇನ್ನೊಂದು ಕೈಯಿಂದ ಫೋನು ತೆಗೆದ. ‘ನಿಮ್ಮನ್ನು ನೋಡದೆ ಹನ್ನೊಂದು ತಾಸಾಯಿತು’ ಎಂದಿತು ಕಪ್ಪೆ. ಇಂದು ಒಂಬೈನೂರ ಹನ್ನೊಂದನೆಯ ದಿನ. ಬಿದಿರು ದರ್ಜೆ ದಾಟಿ, ಕೊಕ್ಕರೆ ದರ್ಜೆ ದಾಟಿ, ಈಗ ಶಿಖರ ದರ್ಜೆಯಲ್ಲಿದ್ದಾನೆ. ಶಿಖರದಲ್ಲಿರುವವನು ಐವತ್ತು ಸಲ ತಿದ್ದುವುದುಂಟೆ? ಬಸ್ಸಿನಲ್ಲಿ ಕಳೆದ ಆ ನಲವತ್ತು ನಿಮಿಷದಲ್ಲಿ ತಿದ್ದಿದ್ದರೆ ಎರಡಲ್ಲ, ಹತ್ತು ಅಕ್ಷರ ಕೈಗೆ ಹತ್ತುತ್ತಿದ್ದವು. ಅವನು ಇಪ್ಪತ್ತು ಕಾರ್ಡುಗಳಿಗೂ ಸರಿಯುತ್ತರ ಒತ್ತಿದ. ಕಪ್ಪೆ ಕುಣಿಯಿತು.

ಕಿವಿ ಮಾತ್ರ ಕಳ್ಳತನ ಮಾಡಿರಲಿಲ್ಲ. ಅದನ್ನು ಅವನು ದೇವರ ಮುಂದೆಯೂ ಹೇಳಬಲ್ಲ. ಪುಸ್ತಕ ಮುಟ್ಟದೆ ಪದ್ಯ ಹೇಳುತ್ತಿದ್ದ ಅಜ್ಜಿಯ ತೊಡೆಯ ಮೇಲೆ ಬೆಳೆದವನು ಅವನು. ಕಣ್ಣು ಮುಚ್ಚಿ ಕೇಳುವುದೇ ಓದು ಎಂದು ನಂಬಿದ್ದ ಮನೆ ಅದು. ಅಜ್ಜಿ ಒಂದು ಸಾಲು ತಪ್ಪಿದರೆ ಎಷ್ಟೇ ಜನ ಕೂತಿರಲಿ “ತಪ್ಪಿದೆ” ಎಂದು ಗಟ್ಟಿಯಾಗಿ ಹೇಳಿ, ಮೊದಲಿನಿಂದ ಎತ್ತಿಕೊಳ್ಳುತ್ತಿದ್ದಳು. ಆ್ಯಪ್ಪಿನ ಮೂಲೆಯಲ್ಲಿ ಪುಟ್ಟ ಕಹಳೆಯ ಗುರುತಿದೆ. ಒತ್ತಿದರೆ ಒಬ್ಬ ಹೆಂಗಸು ಶಬ್ದವನ್ನು ಹೇಳುತ್ತಾಳೆ. ಅದನ್ನು ಅವನು ಸಾವಿರ ಸಲ, ಅಜ್ಜಿಯನ್ನು ಕೇಳಿದ ಹಾಗೆಯೇ ಕೇಳಿದ್ದ. ಯಾರಾದರೂ ಜಪಾನಿ ಮಾತಾಡಿದರೆ ಅವನಿಗೆ ಅರ್ಥವಾಗುತ್ತಿತ್ತು. ಅಕ್ಷರ ಕಂಡರೆ ಗುರುತು ಹತ್ತುತ್ತಿತ್ತು. ಗುರುತು ಹತ್ತದೆ ಹೋದದ್ದನ್ನು ಬೆರಳಿನಲ್ಲಿ ಗೀಚಿದರೆ ಆ್ಯಪ್ಪು ಹಿಡಿದುಕೊಡುತ್ತಿತ್ತು. ಫೋನಿನಲ್ಲಿ ಅಂಥ ಮೂರು ಆ್ಯಪ್ಪುಗಳಿದ್ದವು. ಒಂದೇ ಅಡುಗೆಮನೆಯ ಮೂವರು ಸೊಸೆಯರಂತೆ ಒಂದು ಹೇಳಿದ್ದನ್ನು ಇನ್ನೊಂದು ಒಪ್ಪುತ್ತಿರಲಿಲ್ಲ, ಆದರೆ ಹೊತ್ತಿಗೆ ಸರಿಯಾಗಿ ಬಡಿಸುತ್ತಿದ್ದವು. ಅಷ್ಟು ಚೆನ್ನಾಗಿ ಬಡಿಸಿದ್ದರಿಂದಲೇ ಕೈ ಕಲಿಯದೆ ಉಳಿಯಿತು. ಇಂದು ಬರೆಯಬೇಕಾದ ಮೊದಲ ಅಕ್ಷರಕ್ಕೆ ಹದಿಮೂರು ಗೆರೆ. ಕೊನೆಯ ನಾಲ್ಕು ಗೆರೆಗಳು, ತಳದಲ್ಲಿ ಕೂತಿರುವ ಆಕಾರ, ‘ಹೃದಯ’. ಅದನ್ನು ಅವನು ನೋಡಿದ್ದಾನೆ, ಆ್ಯಪ್ಪು ವಿವರಿಸಿದೆ. ಆದರೆ ಈ ಒಂಬೈನೂರು ದಿನದಲ್ಲಿ ಅವನ ಬೆರಳು ಒಮ್ಮೆಯೂ ಅಲ್ಲಿಗೆ ತಲುಪಿರಲಿಲ್ಲ. ಹೃದಯಕ್ಕೆ ಬರುವಷ್ಟರಲ್ಲಿ ಆ್ಯಪ್ಪಿಗೆ ಎಲ್ಲ ಅರ್ಥವಾಗಿಬಿಟ್ಟಿರುತ್ತಿತ್ತು.

ಗೇಟಿನಲ್ಲಿ ಹಾಜರಿ ಹಾಕಿ, ಎರಕದ ಶೆಡ್ಡಿನ ಬಿಸಿಗಾಳಿ ದಾಟಿ, ಗಾಜಿನ ಬಾಗಿಲಿನ ತನ್ನ ಕೋಣೆಗೆ ಬಂದ. ಮೂರು ವರ್ಷದ ಹಿಂದೆ ಇಲ್ಲಿ ಗಾಜಿರಲಿಲ್ಲ. ಒಂದು ಮರದ ಮೇಜಿತ್ತು, ಅದರ ಮೇಲೆ ಇಟ್ಟಿಗೆ ಗಾತ್ರದ ಶಬ್ದಕೋಶವಿತ್ತು, ಅದರ ಹಿಂದೆ ಹಿರಿಯ ಅನುವಾದಕರಿದ್ದರು. ಪಂಪುಗಳ ಕೈಪಿಡಿಗಳನ್ನು ಇಪ್ಪತ್ತಾರು ವರ್ಷ ಅನುವಾದಿಸಿದವರು. ಪೆನ್ಸಿಲ್ ತುದಿಯಿಂದ ಅಕ್ಷರದ ಗೆರೆಗಳನ್ನು ಒಂದು, ಎರಡು, ಮೂರು ಎಂದು ತುಟಿಯಲ್ಲಿ ಎಣಿಸಿ, ಅಷ್ಟು ಗೆರೆಯ ಅಕ್ಷರಗಳಿರುವ ಪುಟ ತೆಗೆದು, ಬೆರಳಿಳಿಸುತ್ತ ಹೋಗುತ್ತಿದ್ದರು. ರವಾನೆ ವಿಭಾಗದಲ್ಲಿ ಚೀಟಿ ಅಂಟಿಸುತ್ತಿದ್ದ ಅವನು ಒಂದು ಮಧ್ಯಾಹ್ನ, ಮ್ಯಾನೇಜರ ಎದುರು, ಹೊಸ ಯಂತ್ರದ ಫಲಕಕ್ಕೆ ಫೋನು ಹಿಡಿದು ತೋರಿಸಿದ. ಫಲಕದ ಮೇಲಿದ್ದದ್ದು ಕಣ್ಣು ಮಿಟುಕಿಸುವಷ್ಟರಲ್ಲಿ ಅರ್ಥವಾಗಿ ಉದುರಿತು. ಹಿರಿಯರು ಇನ್ನೂ ಹನ್ನೊಂದನೆಯ ಗೆರೆ ಎಣಿಸುತ್ತಿದ್ದರು. ಎಲ್ಲರೂ ನಕ್ಕರು. ನಗಬೇಕಾದ ಅಗತ್ಯ ಅವನಿಗಿರಲಿಲ್ಲ, ಗೆದ್ದಾಗಿತ್ತು, ಆದರೂ ನಕ್ಕ. “ಬೇಗ ಆಯ್ತಪ್ಪ,” ಎಂದರು ಹಿರಿಯರು, ಎಣಿಸಿದ್ದು ಮರೆತುಹೋಗದಂತೆ ಪೆನ್ಸಿಲ್ಲನ್ನು ಅಲ್ಲೇ ಊರಿಕೊಂಡು, “ನನ್ನಿಂದ ಇಷ್ಟು ಬೇಗ ಆಗ್ತಿರ್ಲಿಲ್ಲ ನೋಡು.” ಅದರಲ್ಲಿ ಕೊಂಕಿತ್ತೇ ಎಂದು ಅವನು ಮೂರು ವರ್ಷದಿಂದ ಹುಡುಕುತ್ತಿದ್ದಾನೆ. ಇದ್ದಿದ್ದರೆ ಎಷ್ಟು ಹಗುರಾಗುತ್ತಿತ್ತು. ಒಂದು ತಿಂಗಳೊಳಗೆ ಅವರಿಗೆ ಹಾರ ಹಾಕಿ ಕಳಿಸಿದರು, ಇವನಿಗೆ ಗಾಜು ಹಾಕಿಸಿಕೊಟ್ಟರು.

ಅವನು ಬಾಗಿಲಿಗೆ ಬೆನ್ನು ಮಾಡಿ ಕೂತು, ರವಾನೆ ಪಟ್ಟಿಯೊಂದರ ಹಿಂಬದಿಯಲ್ಲಿ, ಫೋನು ನೋಡಿ ನೋಡಿ ಬರೆಯತೊಡಗಿದ. ಎರಡು ಸಲ ಬರೆದ. ಮೂರನೆಯ ಸಲ ಫೋನು ಮುಚ್ಚಿಟ್ಟ, ಏಳನೆಯ ಗೆರೆಗೆ ಬಂದ. ಗಂಟೆ ಹತ್ತೂಮುಕ್ಕಾಲು. ಆಗಲಿಲ್ಲ. ಎಡಗೈ ಚಾಚಿ, ಬಾಲ್‌ಪೆನ್ನಿನಿಂದ ಎರಡೂ ಅಕ್ಷರಗಳನ್ನು ಅಂಗೈಯಲ್ಲೇ ಇಳಿಸಿಕೊಂಡ. ಐವತ್ತು ಸಲ ತಿದ್ದುವುದು ಮರ್ಯಾದೆಗೆ ಕಡಿಮೆ ಎಂದುಕೊಂಡವನಿಗೆ ಇದು ಕಡಿಮೆ ಎನ್ನಿಸಲಿಲ್ಲ. ಹದಿನೇಳು ಗೆರೆಯ ಎರಡನೆಯ ಅಕ್ಷರ ಅಂಗೈಯ ಗೆರೆಗಳ ಜೊತೆ ಸಿಕ್ಕಿಕೊಂಡು ಸತ್ತ ಜೇಡದ ಹಾಗೆ ಕಾಣಿಸಿತು.

“ಏನ್ ಜಪಾನ್ ಸಾರ್, ಇವತ್ತು ನಿಮ್ದೇ ದರ್ಬಾರು!” ಪ್ಯಾಕಿಂಗ್ ವಿಭಾಗದ ಮೇಲ್ವಿಚಾರಕಿ ಬಾಗಿಲು ತಳ್ಳಿಕೊಂಡು ಬಂದಳು. ಅವನು ಮುಷ್ಟಿ ಬಿಗಿದ.

“ಬರ್ತಿದ್ದೀನಿ ಮೇಡಂ.”

“ಕೈಯಲ್ಲೇನು ಬಚ್ಚಿಟ್ಕೊಂಡ್ರಿ? ಪರೀಕ್ಷೆಗೆ ಚೀಟಿನಾ?” ಅವಳು ತನ್ನ ಮಾತಿಗೆ ತಾನೇ ನಕ್ಕಳು. “ನಮಗಾದ್ರೆ ಬೇಕಪ್ಪ ಚೀಟಿ, ನಿಮಗ್ಯಾಕೆ? ಆಮೇಲೆ ನಂಗೂ ನನ್ನ ಹೆಸರು ಬರ್ಕೊಡ್ಬೇಕು, ಫ್ರಿಜ್ ಮೇಲೆ ಅಂಟಿಸ್ತೀನಿ. ನಮ್ಮ ಯಜಮಾನ್ರು ಹೆದರ್ಕೊಂಡಾದ್ರೂ ಹಾಲು ಒಳಗಿಡಲಿ.”

ಅವನೂ ನಕ್ಕ. ಸುಳ್ಳು ನಗುವಿಗೂ ಅಂಗೈ ಬೆವರುತ್ತದೆ ಎಂಬುದು ಅವನಿಗೆ ಗೊತ್ತಿರಲಿಲ್ಲ.

ಊಟದ ಹಾಲ್‌ನ ಮೇಜುಗಳನ್ನು ಗೋಡೆಗೆ ಒತ್ತರಿಸಿದ್ದರು. ಬಾಗಿಲಲ್ಲಿ ಒಂದು ಟ್ರೇ. ಎಲ್ಲರೂ ಫೋನುಗಳನ್ನು ಅದರಲ್ಲಿಟ್ಟು ಒಳಗೆ ಹೋಗಬೇಕು, ಅತಿಥಿಗಳ ಮುಂದೆ ಯಾರದೂ ಕಿರುಚಬಾರದು. ಅವನು ತನ್ನದನ್ನು ಎಂಬತ್ತು ಫೋನುಗಳ ಮೇಲೆ ಮಗುವನ್ನು ಮಲಗಿಸುವಂತೆ ಇಟ್ಟ. ಎದುರಿಗೆ ಹಲಗೆ, ಹಲಗೆಗೆ ಬಿಗಿದ ದೊಡ್ಡ ಬಿಳಿ ಹಾಳೆ, ದಪ್ಪ ಕಪ್ಪು ಮಾರ್ಕರ್. ಹಿರಿಯ ಎಂಜಿನಿಯರು ಮುಂದಿನ ಕುರ್ಚಿಯಲ್ಲಿದ್ದರು. ಒಣಗಿದ, ಶುಭ್ರವಾದ ಮುದುಕ. ಕಿವಿಯ ಬಳಿ ಒಂದಿಷ್ಟು ಬಿಳಿ ಕೂದಲು. ಅವನನ್ನು ಪರಿಚಯಿಸಿದಾಗ ಎದ್ದು ನಿಂತು, ಅವನ ಎರಡೂ ಕೈಗಳನ್ನು ತಮ್ಮ ಎರಡೂ ಕೈಗಳಲ್ಲಿ ಹಿಡಿದುಕೊಂಡರು. ಬಿಡಿಸಿಕೊಳ್ಳುವಂತಿರಲಿಲ್ಲ. ತಮ್ಮ ಭಾಷೆಯಲ್ಲಿ, ನಿಮ್ಮ ಅನುವಾದದ ಪತ್ರಗಳನ್ನು ಓದಿದ್ದೇನೆ, ತುಂಬ ಎಚ್ಚರದಿಂದ ಬರೆಯುತ್ತೀರಿ ಎಂದರು. ಅವನು ಸರಿಯಾಗಿಯೇ ಉತ್ತರಿಸಿದ. ಅವರು ಕೈ ಬಿಟ್ಟಾಗ ಅವರ ಬೆರಳುಗಳ ಮೇಲೆ ನೀಲಿ ಮಸಿ ಹತ್ತಿತ್ತು. ತನ್ನ ಅಂಗೈಯನ್ನು ನೋಡಿಕೊಳ್ಳುವ ಧೈರ್ಯ ಅವನಿಗಾಗಲಿಲ್ಲ. ಅಲ್ಲಿ ಏನು ಉಳಿದಿರಬಹುದೆಂದು ಗೊತ್ತಿತ್ತು.

“ಪ್ರಿಂಟ್ ತೆಗೆದು ಕೊಡಬಹುದಿತ್ತು,” ಮ್ಯಾನೇಜರು ಸಭೆಗೆ ಹೇಳುತ್ತಿದ್ದರು. “ಒಂದು ನಿಮಿಷದ ಕೆಲಸ. ಆದ್ರೆ ಯಂತ್ರ ಯಂತ್ರಾನೇ. ಮನುಷ್ಯನ ಕೈಗೆ ಇರೋ ಬೆಲೆ ಅದಕ್ಕೆ ಬರುತ್ತಾ?” ಮೂರು ವರ್ಷದ ಹಿಂದೆ ಇದೇ ಹಾಲ್‌ನಲ್ಲಿ, ಇದೇ ಬಾಯಿಂದ, ಯಂತ್ರ ಒಂದು ನಿಮಿಷದಲ್ಲಿ ಮಾಡೋದನ್ನ ಮನುಷ್ಯ ಯಾಕೆ ಒಂದು ಗಂಟೆ ಮಾಡಬೇಕು ಎಂದು ಹೇಳಿದ್ದರು. ಎರಡು ಸಲವೂ ಚಪ್ಪಾಳೆ ಬಿದ್ದಿತ್ತು. ಅವರು ಕಡತದಿಂದ ಹಾಳೆಯೊಂದನ್ನು ಎತ್ತಿ ತೋರಿಸಿದರು. “ನಮ್ಮ ಜಪಾನ್ ಸಾರ್ ಬರೀತಾರೆ. ಬರೆದ ತಕ್ಷಣ ನಾನೂ ಬರೀತೀನಿ. ಅವರ ಕಾಯಂ ಆರ್ಡರಿಗೆ ನನ್ನ ಸಹಿ. ಅವರದು ಎರಡಕ್ಷರ, ನಂದೂ ಎರಡಕ್ಷರ!”

ಜನ ನಕ್ಕರು. ಅವನು ಮಾರ್ಕರಿನ ಮುಚ್ಚಳ ತೆಗೆದ. ಎಡಕ್ಕೊಂದು ಇಳಿಗೆರೆ. ತೋಳುದ್ದದ ಗೆರೆ, ತುಂಬ ಚೆನ್ನಾಗಿ ಬಂತು; ಹಿಂದಿನ ಸಾಲಿನಲ್ಲಿ ಯಾರೋ ‘ಆಹಾ’ ಎಂದರು. ನೆತ್ತಿಗೆ ಅಡ್ಡಗೆರೆ. ಒಳಗೊಂದು ಚಿಕ್ಕದು. ಚೌಕದ ಎಡಗೋಡೆ. ಮಾರ್ಕರು ನಿಂತಿತು. ಬೇಡ ಬೇಡವೆಂದರೂ ಕಣ್ಣು ಹಾಳೆಯ ಮೇಲಂಚಿಗೆ ಹೋಯಿತು. ಹಾಳೆ ಏನನ್ನೂ ಮುಂದಿಡಲಿಲ್ಲ. ಈಗಷ್ಟೇ ಕೋಣೆಯಲ್ಲಿ ಬರೆದ ಏಳು ಗೆರೆಗಳಲ್ಲಿ ಐದನೆಯದು ಎಲ್ಲಿ ಹೋಯಿತು? ಅಂಗೈ ತೆರೆದು ನೋಡಿದ: ನೀಲಿ ಕೆಸರು. ಬೆನ್ನ ಹಿಂದೆ ಎಂಬತ್ತು ಜನ ಉಸಿರು ಹಿಡಿದಿದ್ದರು. ಅದು ಭಕ್ತಿಯ ನಿಶ್ಶಬ್ದ ಎಂಬುದೇ ಅವನಿಗೆ ತಡೆಯಲಾಗಲಿಲ್ಲ. ಯಾರಾದರೂ ಕಿಸಕ್ಕೆಂದಿದ್ದರೆ ಬದುಕಿಕೊಳ್ಳುತ್ತಿದ್ದ. ಫ್ಯಾನು ತಿರುಗುತ್ತಿತ್ತು. ಹಾಳೆಯ ಮೂಲೆ ಎದ್ದು ಎದ್ದು ಹಲಗೆಗೆ ಬಡಿಯುತ್ತಿತ್ತು. ಗೊತ್ತಿಲ್ಲ ಎಂದುಬಿಡಲೇ? ಒಂದೇ ಮಾತು. ಹೇಳಿದರೆ ಆ ಕಡತ ಮುಚ್ಚುತ್ತದೆ, ಗಾಜಿನ ಕೋಣೆಗೆ ಇನ್ನೊಬ್ಬನು ಇನ್ನೊಂದು ಹೊಸ ಫೋನು ಹಿಡಿದು ಬರುತ್ತಾನೆ, ತಾನು ಮತ್ತೆ ಚೀಟಿ ಅಂಟಿಸುತ್ತೇನೆ.

ಕುರ್ಚಿ ಸರಿದ ಸದ್ದಾಯಿತು. ಹಿರಿಯ ಎಂಜಿನಿಯರು ಎದ್ದು ಬಂದು ಅವನ ಪಕ್ಕ ನಿಂತರು. ನಾಲ್ಕು ಗೆರೆಗಳನ್ನು ನೋಡಿದರು. ತಮ್ಮ ಬೆರಳಿನ ನೀಲಿಯನ್ನು ನೋಡಿಕೊಂಡರು. ಆಮೇಲೆ ಅವನನ್ನು ನೋಡದೆ, ಹಾಳೆಯನ್ನೇ ನೋಡುತ್ತ, ತಗ್ಗಿದ ದನಿಯಲ್ಲಿ, ಒಂದೊಂದೇ ಶಬ್ದವನ್ನು ಬಿಡಿಸಿ ಹೇಳಿದರು. ಕಹಳೆಯ ಗುರುತು ಒತ್ತಿ ಒತ್ತಿ ಪಳಗಿದ ಅವನ ಕಿವಿಗೆ ಒಂದಕ್ಷರವೂ ತಪ್ಪಲಿಲ್ಲ.

“ನನಗೂ ಹೀಗೇ ಆಗುತ್ತದೆ. ಫೋನು ಬಂದ ಮೇಲೆ ನನ್ನ ಕೈಗೂ ಮರೆವು. ಹೋದ ತಿಂಗಳು ಹೆಂಡತಿಗೆ ಪತ್ರ ಬರೆಯಲು ಕೂತು, ಅರ್ಧಕ್ಕೆ ಎದ್ದೆ. ನಾಚಿಕೊಳ್ಳಬೇಡಿ. ಕೈಗೆ ಬರುತ್ತಿಲ್ಲ ಎಂದು ನಿಮ್ಮವರಿಗೆ ಹೇಳಿಬಿಡಿ. ನೀವು ಹೇಳಿದ ಮೇಲೆ ನಾನೂ ಹೇಳುತ್ತೇನೆ, ನನಗೂ ಬರುವುದಿಲ್ಲ ಎಂದು. ಆಮೇಲೆ ಇಬ್ಬರೂ ಸೇರಿ ನೋಡಿಕೊಂಡು ಬರೆಯೋಣ.”

“ಏನಂದ್ರು?” ಎಂದರು ಮ್ಯಾನೇಜರು. “ಏನಂತೆ ಜಪಾನ್ ಸಾರ್?”

ಅಲ್ಲಿ ಆ ಭಾಷೆ ಗೊತ್ತಿದ್ದವರು ಇಬ್ಬರೇ. ಒಬ್ಬರು ಹೇಳಿ ಆಗಿತ್ತು. ಅವನು ಸಭೆಯ ಕಡೆ ತಿರುಗಿದ. ಕೊನೆಯ ಕ್ಷಣದವರೆಗೂ ತಾನು ಇದ್ದದ್ದನ್ನೇ ಹೇಳುತ್ತೇನೆಂದು ಅವನು ನಂಬಿದ್ದ; ಆಮೇಲೂ ಅದನ್ನು ಆಣೆಯಿಟ್ಟು ಹೇಳಬಲ್ಲ. ಆದರೆ ಮ್ಯಾನೇಜರ ಪೆನ್ನು ಆಗಲೇ ಆದೇಶದ ಹಾಳೆಯ ಮೇಲಿತ್ತು.

“ಇಷ್ಟೇ ಸಾಕು ಅಂತಿದ್ದಾರೆ,” ಎಂದ. ತನ್ನ ದನಿ ಎಷ್ಟು ಸ್ಥಿರವಾಗಿದೆಯೆಂದು ಅವನಿಗೇ ಬೆರಗಾಯಿತು. “ಪೂರ್ತಿ ಬರೆಯೋದು ಕಲಿಯೋರ ಕೆಲಸವಂತೆ. ಬರೀದೆ ಬಿಡೋದೇ ಅವರಲ್ಲಿ ದೊಡ್ಡ ವಿದ್ಯೆ. ಬರೆದ ನಾಲ್ಕು ಗೆರೆ ಕೃತಜ್ಞತೆ, ಬಿಟ್ಟ ಜಾಗ ವಿನಯ ಅಂತ.”

ಛಾವಣಿ ಹಾರುವಂತೆ ಚಪ್ಪಾಳೆ ಬಿತ್ತು. “ಅಬ್ಬಬ್ಬಾ, ಆ ಖಾಲಿ ಜಾಗ ನೋಡ್ರೇ, ನೋಡ್ತಾ ನೋಡ್ತಾ ಮೈ ಜುಮ್ ಅನ್ನುತ್ತೆ,” ಎಂದಳು ಪ್ಯಾಕಿಂಗ್ ವಿಭಾಗದ ಮೇಲ್ವಿಚಾರಕಿ, ಪಕ್ಕದವಳ ತೋಳು ಹಿಂಡಿ. ಮ್ಯಾನೇಜರು ಕಣ್ಣು ಅರೆಮುಚ್ಚಿ ತಲೆದೂಗಿದರು. “ಇದಕ್ಕೆ ಫ್ರೇಮ್ ಹಾಕಿಸಿ ಸ್ವಾಗತದ ಕೋಣೇಲಿ ತೂಗುಹಾಕ್ಬೇಕು. ಒಂದು ಗೆರೆ ಜಾಸ್ತಿ ಆಗ್ಬಾರ್ದು ಮತ್ತೆ!” ಎಂದು ಹೇಳಿ ಸಹಿ ಹಾಕಿದರು. ಅವನು ಕಾಯಂ ಆದ.

ಹಿರಿಯ ಎಂಜಿನಿಯರು ಆ ಜನರನ್ನು ನೋಡುತ್ತಿದ್ದರು. ಅವರಿಗೆ ಕಂಡದ್ದು, ಎಂಬತ್ತು ಜನರ ಎದುರು ತನಗೆ ಬರುವುದಿಲ್ಲವೆಂದು ಒಪ್ಪಿಕೊಂಡ ಒಬ್ಬ ಮನುಷ್ಯ, ಅವನ ಒಪ್ಪಿಗೆಗೆ ಚಪ್ಪಾಳೆ ತಟ್ಟಿದ ಒಂದು ಕಾರ್ಖಾನೆ. ಇಂಥದ್ದನ್ನು ತಮ್ಮ ಎಲ್ಲ ವರ್ಷಗಳಲ್ಲಿ ಎಲ್ಲಿಯೂ ಕಂಡಿರಲಿಲ್ಲ ಎನ್ನುವಂತೆ ಅವರ ಕಣ್ಣು ತುಂಬಿತ್ತು. ಅವರು ಅವನ ಕಡೆ ತಿರುಗಿ ಮೊದಲು ಬಾಗಿದರು. ಆಮೇಲೆ ಕೊಟ್ಟ ಮಾತಿನಂತೆ ಸಭೆಗೆ ಮುಖ ಮಾಡಿ, ಕೈಗಳನ್ನು ಪಕ್ಕಕ್ಕೆ ಇಳಿಬಿಟ್ಟು, ಹಿಂದಿನ ಸಾಲಿಗೂ ಕೇಳುವ ಹಾಗೆ ಗಟ್ಟಿಯಾಗಿ ಒಂದೇ ವಾಕ್ಯ ಹೇಳಿದರು. ಹೇಳಿ, ಸೊಂಟದಿಂದ ಮಡಿಚಿದಂತೆ ಆಳವಾಗಿ ಬಾಗಿ ನಿಂತರು.

“ಈಗೇನಂದ್ರು, ಈಗೇನಂದ್ರು?” ಎಂದಿತು ಸಭೆ.

“ಥ್ಯಾಂಕ್ಸ್ ಅಂದ್ರು,” ಎಂದ ಅವನು.

ಚಪ್ಪಾಳೆ ಮತ್ತೆ ಎದ್ದಿತು. ಹಿರಿಯರು ಬಾಗಿಯೇ ಇದ್ದರು. ನೆತ್ತಿಯ ನುಣ್ಣನೆಯ ಚರ್ಮದ ಮೇಲೆ ಟ್ಯೂಬ್‌ಲೈಟಿನ ಬೆಳಕು ಬಿದ್ದಿತ್ತು. ಸದ್ದು ಅಡಗುವವರೆಗೆ ಅವರು ತಲೆಯೆತ್ತುವುದಿಲ್ಲವೆಂದು ಅವನಿಗೆ ಗೊತ್ತಿತ್ತು. ಅಡಗಿದ ಮೇಲೆ ಎತ್ತುತ್ತಾರೆ, ಎತ್ತಿ ತನ್ನನ್ನೇ ನೋಡುತ್ತಾರೆ, ಬನ್ನಿ ಬರೆಯೋಣ ಎನ್ನುತ್ತಾರೆ. ಹಿಂದಿನ ಸಾಲುಗಳಲ್ಲಿ ಆಗಲೇ ಒಬ್ಬೊಬ್ಬರಾಗಿ ನಿಲ್ಲಿಸತೊಡಗಿದ್ದರು. ಅವನು ಮಾರ್ಕರನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, ಎರಡೂ ಕೈಯೆತ್ತಿ, ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟತೊಡಗಿದ.